ಡ್ರೈವರ್ ಕಮೆಂಟ್ ತಿದ್ದುಪಡಿ

ಆಪರೇಟಿಂಗ್ ಸಿಸ್ಟಂ ಮತ್ತು ಯಂತ್ರಾಂಶದ ನಡುವಿನ ಕೊಂಡಿಯಾದ ಡಿವೈಸ್ ಡ್ರೈವರ್‌ಗಳಲ್ಲಿ, ಕೋಡನ್ನು ಮುಟ್ಟದೆ ಅದರ ವಿವರಣೆಯಾದ ಕಮೆಂಟನ್ನಷ್ಟೇ ಸರಿಪಡಿಸುವ ಕೆಲಸ. ಬೆಂಗಳೂರಿನ ಹೆಬ್ಬಾಳದ ಹತ್ತಿರದ ಮಾನ್ಯತಾ ಟೆಕ್ ಪಾರ್ಕ್‌ನಂಥ ಕಡೆ ಚಿಪ್‌ಗಳಿಗೆ ತಂತ್ರಾಂಶ ಬರೆಯುವವರಿಗೆ ಇದು ಪರಿಚಿತ.

ಕೋಡ್ ಬದಲಾದರೂ ಪಕ್ಕದ ಕಮೆಂಟ್ ಹಳೆಯದೇ ಉಳಿಯುವುದು ತಪ್ಪಿನ ಮೂಲ. ಕಾಯುವ ಅವಧಿಯನ್ನು ಫಂಕ್ಷನ್ ಮೈಕ್ರೊಸೆಕೆಂಡ್‌ಗಳಲ್ಲಿ ಪಡೆಯುತ್ತದೆ, ಕಮೆಂಟ್ ಮಾತ್ರ ಮಿಲಿಸೆಕೆಂಡ್ ಎನ್ನುತ್ತದೆ ಎಂದುಕೊಳ್ಳಿ. ಅದನ್ನು ನಂಬಿ 10 ಎಂದು ಬರೆದವರಿಗೆ ಸಿಗುವುದು ಬೇಕಾದುದರ ಸಾವಿರದಲ್ಲೊಂದು ಪಾಲು. ಕಂಪೈಲರ್ ಚಕಾರ ಎತ್ತುವುದಿಲ್ಲ.

ಲಿನಕ್ಸ್‌ನಲ್ಲಿ /** ಎಂದು ಶುರುವಾಗುವ ಕಮೆಂಟ್‌ಗಳನ್ನು ಕರ್ನೆಲ್-ಡಾಕ್ ಎಂಬ ಸಲಕರಣೆ ಓದಿ ಕೈಪಿಡಿಯಾಗಿಸುತ್ತದೆ, 2016ರ 4.8 ಆವೃತ್ತಿಯಿಂದ ಇದಕ್ಕೆ ದಾಖಲೆ ಸಿದ್ಧಪಡಿಸುವ ಸ್ಫಿಂಕ್ಸ್ ಜೊತೆಯಾಗಿದೆ. ಪ್ಯಾರಾಮೀಟರ್‌ನ ಹೆಸರು ಬದಲಿಸಿ ಕಮೆಂಟನ್ನು ಮರೆತರೆ, ಡಬ್ಲ್ಯು=1 (W=1) ಎಂಬ ಆಯ್ಕೆ ಕೊಟ್ಟು ಬಿಲ್ಡ್ ಮಾಡಿದಾಗ ಎಚ್ಚರಿಕೆ ಬರುತ್ತದೆ. ಆದರೆ ಹೆಸರು ಸರಿಯಿದ್ದು ಅರ್ಥ ತಪ್ಪಿದ್ದರೆ ಮನುಷ್ಯರೇ ಹಿಡಿಯಬೇಕು. ಕಾಗುಣಿತಕ್ಕೆ ಚೆಕ್‌ಪ್ಯಾಚ್ ಎಂಬ ಸಲಕರಣೆ ಇದೆ: ಇಂಗ್ಲಿಷಿನ 'ರಿಸೀವ್' ಪದದಲ್ಲಿ ಇ-ಐ ಅದಲುಬದಲಾಗುವುದು ಅದರ ನಿತ್ಯದ ಬೇಟೆ.

ಹೊಸಬರು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಕೆಲಸಕ್ಕೆ ಕಾಲಿಡುವ ಬಾಗಿಲೂ ಇಂಥ ತಿದ್ದುಪಡಿಯೇ. ಬರೀ ಅಕ್ಷರ ತಿದ್ದುವ ಪ್ಯಾಚ್‌ಗಳಿಗೆ ಕೆಲವು ನಿರ್ವಾಹಕರು ಗೊಣಗುವುದುಂಟು, ಅದು ಪೂರಾ ಅನ್ಯಾಯವೂ ಅಲ್ಲ: ಪ್ರತಿಯೊಂದನ್ನೂ ಯಾರೋ ಕೂತು ಓದಲೇಬೇಕು. ಸ್ಟೇಬಲ್ ಆವೃತ್ತಿಗಳ ನಿಯಮವಂತೂ ಕಾಗುಣಿತದ ತಿದ್ದುಪಡಿಗಳನ್ನು ಹೊರಗಿಡುತ್ತದೆ.