ಹೆಸರು ಹೇಳದವರ ವಿಳಾಸ

ಹೆಂಡದಂಗಡಿ ಎಲ್ಲಿದೆ ಎಂದು ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಕುಡಿತ ಬಿಟ್ಟವರು ಸೇರುವ ಜಾಗ ಎಲ್ಲಿದೆ ಎಂದು ಕೇಳುವುದು ಮಾತ್ರ ಸುಲಭವಲ್ಲ. ಕೇಳಿದವನ ಗುಟ್ಟು ಅಲ್ಲೇ ಬಯಲಾಗುತ್ತದೆ. ಅಲ್ಲಿ ಸೇರುವವರೂ ತಮ್ಮ ಹೆಸರನ್ನು ಹೊರಗೆ ಹೇಳುವವರಲ್ಲ. ಹೆಸರಿಲ್ಲದವರನ್ನು ಹುಡುಕುವುದು ಹೇಗೆ? ಎ.ಎ. ಎಂದೇ ಪರಿಚಿತವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’, ಅಂದರೆ ಅನಾಮಧೇಯ ಮದ್ಯವ್ಯಸನಿಗಳ ಕೂಟದ ಚರಿತ್ರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆಯೇ ಆಗಿದೆ.

ಈ ಹುಡುಕಾಟ ಆರಂಭವಾದದ್ದು ಟೈರು ಕಾರ್ಖಾನೆಗಳಿಗೆ ಹೆಸರಾದ ಅಮೆರಿಕದ ಏಕ್ರನ್ ನಗರದಲ್ಲಿ, 1935ರ ಮೇ ತಿಂಗಳಿನಲ್ಲಿ. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಕಂಪೆನಿಯೊಂದರ ಒಡೆತನದ ಜಗಳದಲ್ಲಿ ಸೋತು ಅಲ್ಲಿನ ಮೇಫ್ಲವರ್ ಹೋಟೆಲಿನಲ್ಲಿ ಒಂಟಿಯಾಗಿದ್ದರು. ಅವರು ಕುಡಿತ ಬಿಟ್ಟು ಆಗ ಐದು ತಿಂಗಳಾಗಿತ್ತು. ಹೋಟೆಲಿನ ಬಾರಿನಿಂದ ನಗುವಿನ ಸದ್ದು ಕೇಳಿಬರುತ್ತಿತ್ತು. ಇನ್ನೊಬ್ಬ ಕುಡುಕನೊಡನೆ ಮಾತನಾಡಿದರೆ ಮಾತ್ರ ತಾವು ಉಳಿದಾರೆಂದು ಅವರಿಗೆ ಅನ್ನಿಸಿತು. ಅಲ್ಲೇ ಇದ್ದ ಚರ್ಚುಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿದರು. ಪಾದ್ರಿ ಕೊಟ್ಟ ಹೆಸರುಗಳ ಜಾಡು ಹಿಡಿದು ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ತಲುಪಿದರು.

ಮೇ 12ರ ಸಂಜೆ ಆಕೆಯ ಮನೆಯಲ್ಲಿ ವಿಲ್ಸನ್ ಅವರಿಗೆ ಊರಿನ ಶಸ್ತ್ರವೈದ್ಯ ರಾಬರ್ಟ್ ಸ್ಮಿತ್ ಅವರ ಭೇಟಿಯಾಯಿತು. ಕುಡಿತದಿಂದ ವೃತ್ತಿ ಕೆಡಿಸಿಕೊಂಡಿದ್ದ ಸ್ಮಿತ್ ಹದಿನೈದೇ ನಿಮಿಷ ಕೂರುವೆನೆಂದು ಬಂದಿದ್ದರು. ಮಾತು ರಾತ್ರಿ ಹನ್ನೊಂದು ದಾಟಿತು. ವಿಲ್ಸನ್ ಉಪದೇಶ ಮಾಡಲಿಲ್ಲ, ತಮ್ಮ ಕಥೆಯನ್ನಷ್ಟೇ ಹೇಳಿದರು. ಮುಂದೆ ಸ್ಮಿತ್ ಒಮ್ಮೆ ಎಡವಿದರೂ ಜೂನ್ 10ರ ನಂತರ ಕುಡಿಯಲಿಲ್ಲವೆಂದು ಆ ದಿನವನ್ನೇ ಎ.ಎ.ಯ ಹುಟ್ಟುದಿನ ಎಂದು ಎಣಿಸುತ್ತಾರೆ. ಬಳಿಕ ಇಬ್ಬರೂ ಊರಿನ ಆಸ್ಪತ್ರೆಯೊಂದಕ್ಕೆ ಹೋಗಿ, ಅಲ್ಲಿ ಮಲಗಿದ್ದ ಒಬ್ಬ ವಕೀಲನನ್ನು ಮಾತನಾಡಿಸಿದರು. ಆತ ಮೂರನೆಯವನಾದ.

ಹೀಗೆ ಒಬ್ಬರಿಂದೊಬ್ಬರಿಗೆ ಹಬ್ಬುವುದು ನಿಧಾನದ ದಾರಿ. 1939ರ ಏಪ್ರಿಲಿನಲ್ಲಿ ಸದಸ್ಯರು ತಮ್ಮ ಅನುಭವಗಳ ಪುಸ್ತಕ ಪ್ರಕಟಿಸಿದಾಗ ಅವರ ಸಂಖ್ಯೆ ನೂರರ ಆಸುಪಾಸಿನಲ್ಲಿತ್ತು. ಪುಸ್ತಕದಲ್ಲಿ ಸಂಸ್ಥಾಪಕರ ಹೆಸರಿರಲಿಲ್ಲ. ಇದ್ದದ್ದು ನ್ಯೂಯಾರ್ಕಿನ ಒಂದು ಅಂಚೆ ಪೆಟ್ಟಿಗೆಯ ಸಂಖ್ಯೆ, 658. ಹೆಸರು ಮರೆಯಲ್ಲಿರಬೇಕು, ವಿಳಾಸ ಬಯಲಲ್ಲಿರಬೇಕು ಎಂಬ ಸೂತ್ರ ಅಲ್ಲಿ ಮೊದಲು ಕಾಣಿಸಿತು ಎನ್ನಬಹುದು.

ಅದನ್ನು ಪರೀಕ್ಷೆಗೆ ಒಡ್ಡಿದ್ದು ಪತ್ರಿಕೆಗಳು. ಅದೇ ವರ್ಷದ ಅಕ್ಟೋಬರಿನಲ್ಲಿ ಕ್ಲೀವ್‌ಲ್ಯಾಂಡಿನ ‘ಪ್ಲೇನ್ ಡೀಲರ್’ ದಿನಪತ್ರಿಕೆ ಎ.ಎ. ಕುರಿತು ಲೇಖನಮಾಲೆ ಪ್ರಕಟಿಸಿತು. ನೂರಾರು ಮಂದಿ ಸಹಾಯ ಕೇಳಿ ಬಂದರು. ಆ ಊರಿನಲ್ಲಿದ್ದ ಹಳೆಯ ಸದಸ್ಯರು ಬೆರಳೆಣಿಕೆಯಷ್ಟು. ಹೀಗಾಗಿ ಕುಡಿತ ಬಿಟ್ಟು ಕೆಲವೇ ವಾರಗಳಾದವರೂ ಹೊಸಬರನ್ನು ನೋಡಲು ಹೋಗಬೇಕಾಯಿತು. 1941ರ ಮಾರ್ಚ್ 1ರಂದು ‘ಸ್ಯಾಟರ್‌ಡೇ ಈವನಿಂಗ್ ಪೋಸ್ಟ್’ನಲ್ಲಿ ಜ್ಯಾಕ್ ಅಲೆಗ್ಸಾಂಡರ್ ಬರೆದ ಲೇಖನ ಬಂದ ಮೇಲೆ ಸಾವಿರಾರು ಪತ್ರಗಳು ಬಂದವು. ಹತ್ತಿರದಲ್ಲಿ ಕೂಟವಿದ್ದರೆ ಅದರ ವಿಳಾಸ, ಇಲ್ಲದಿದ್ದರೆ ಧೈರ್ಯದ ಮಾತು ಉತ್ತರವಾಗಿ ಹೋಗುತ್ತಿತ್ತು. ಊರೂರು ತಿರುಗುವ ಮಾರಾಟ ಪ್ರತಿನಿಧಿಗಳಾಗಿದ್ದ ಸದಸ್ಯರು ಪತ್ರ ಬರೆದವರ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅವರನ್ನು ಭೇಟಿಯಾಗುತ್ತಿದ್ದರು. ವರ್ಷಾರಂಭದಲ್ಲಿ ಸುಮಾರು 2,000 ಇದ್ದ ಸದಸ್ಯರ ಸಂಖ್ಯೆ ವರ್ಷಾಂತ್ಯಕ್ಕೆ 8,000 ತಲುಪಿತು.

ಹೆಸರು ಮರೆಮಾಡಲು ಮೊದಲ ಕಾರಣ ನಾಚಿಕೆ ಮತ್ತು ನೌಕರಿ ಹೋಗುವ ಭಯ. ಪ್ರಸಿದ್ಧನಾದ ಸದಸ್ಯನೊಬ್ಬ ಮತ್ತೆ ಕುಡಿದರೆ ಕೂಟದ ಮೇಲಿನ ನಂಬಿಕೆಯೇ ಹೋದೀತೆಂಬ ಎಚ್ಚರ ನಂತರ ಬಂತು. 1950ರಲ್ಲಿ ಕ್ಲೀವ್‌ಲ್ಯಾಂಡ್ ಸಮ್ಮೇಳನ ಒಪ್ಪಿದ ‘ಹನ್ನೆರಡು ಸಂಪ್ರದಾಯ’ಗಳ ಪ್ರಕಾರ ಪತ್ರಿಕೆ, ರೇಡಿಯೊ, ಚಲನಚಿತ್ರಗಳಲ್ಲಿ ಸದಸ್ಯರು ಅನಾಮಧೇಯರಾಗಿಯೇ ಇರಬೇಕು. ಸದಸ್ಯನಾಗಲು ಬೇಕಾದದ್ದು ಕುಡಿತ ಬಿಡುವ ಇಚ್ಛೆಯೊಂದೇ. ಶುಲ್ಕವಿಲ್ಲ.

ಎ.ಎ. ಭಾರತಕ್ಕೆ ಬಂದದ್ದು 1950ರ ದಶಕದಲ್ಲಿ. ಇಂದು ಬೆಂಗಳೂರು, ಮಂಗಳೂರುಗಳಲ್ಲೂ ಅದರ ಸಭೆಗಳು ನಡೆಯುತ್ತವೆ. ನಮ್ಮ ಹಳ್ಳಿಗಳಲ್ಲಿ ಇನ್ನೊಂದು ದಾರಿಯೂ ಇದೆ. ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ಊರವರೇ ಸಮಿತಿ ಮಾಡಿಕೊಂಡು ನಿಲ್ಲುತ್ತಾರೆ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಗಳಲ್ಲಿ ಮತ್ತೆ ಸೇರುತ್ತಾರೆ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಹಳ್ಳಿಯಲ್ಲಿ ಗುಟ್ಟು ಉಳಿಯುವುದಿಲ್ಲವಾದ್ದರಿಂದ, ಬಯಲೇ ಅಲ್ಲಿ ಬಲವಾಗುತ್ತದೆ.

ಇಂದು ಸಭೆ ಹುಡುಕುವವರು ಎ.ಎ.ಯ ಸಹಾಯವಾಣಿಗೆ ಫೋನ್ ಮಾಡಬಹುದು, ಅಂತರಜಾಲದಲ್ಲಿ ಊರು, ವಾರ, ಭಾಷೆ ನೋಡಬಹುದು. ‘ಮುಕ್ತ ಸಭೆ’ ಎಂದಿದ್ದರೆ ಮನೆಯವರೂ ಹೋಗಬಹುದು, ‘ಮುಚ್ಚಿದ ಸಭೆ’ ಕುಡಿತದ ಸಮಸ್ಯೆ ಇದ್ದವರಿಗೆ ಮಾತ್ರ. ಕುಟುಂಬದವರಿಗೆಂದೇ 1951ರಲ್ಲಿ ಆರಂಭವಾದ ‘ಅಲ್-ಅನಾನ್’ ಕೂಟಗಳಿವೆ. ಆದರೆ ದಿನವೂ ವಿಪರೀತ ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಅಪಾಯವಾದೀತು. ಅಂಥವರು ಮೊದಲು ಕಾಣಬೇಕಾದದ್ದು ವೈದ್ಯರನ್ನು.

ಮೊದಲ ಸಭೆಗೆ ಹೋದವರು ಮಾತನಾಡಲೇಬೇಕೆಂದಿಲ್ಲ. ಹೆಸರು ಕೇಳಿದರೆ ಕರೆಯಲು ಒಂದು ಹೆಸರು ಹೇಳಿದರೆ ಸಾಕು. ಉಳಿದವರು ತಮ್ಮ ಕಥೆ ಹೇಳುತ್ತಾರೆ, ಹೊಸಬರು ಕೇಳುತ್ತ ಕೂರಬಹುದು. ಏಕ್ರನ್‌ನ ಆ ವೈದ್ಯರೂ ಬಂದದ್ದು ಹದಿನೈದು ನಿಮಿಷ ಕೂತು ಹೋಗೋಣವೆಂದೇ.