ಗಡುಸು ಸ್ಪ್ರಿಂಗು, ನುಣುಪು ಹಾದಿ

ಮೆಟ್ಟುಪಾಳ್ಯದಿಂದ ಕೊಯಮತ್ತೂರು ದಾಟಿ ತೆಂಕಣಕ್ಕೆ, ಚೆಟ್ಟಿಪಾಳ್ಯದ ಕಡೆ ಹೋದರೆ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಓಟದ ಹಾದಿ ಸಿಗುತ್ತದೆ. 2003ರಲ್ಲಿ ಆರಂಭವಾದ ಈ ಹಾದಿಗೆ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರ ಹೆಸರಿಟ್ಟಿದ್ದಾರೆ. ಸ್ವಂತ ಕಾರನ್ನು ಇಲ್ಲಿಗೆ ತಂದು ಓಡಿಸಬಯಸುವ ತರುಣರು ಮೊದಲು ಕೇಳುವ ಪ್ರಶ್ನೆ ಒಂದೇ: ಸ್ಪ್ರಿಂಗು ಎಷ್ಟು ಗಡುಸಾಗಿರಬೇಕು? ಇದಕ್ಕೆ ಉತ್ತರ ನಮ್ಮ ಸೀಮೆಯ ಕಾರು ಪಂದ್ಯದ ಚರಿತ್ರೆಯಲ್ಲೇ ಇದೆ.

ಮದರಾಸಿನ ಬಳಿಯ ಶೋಳಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುಹಾದಿಯೊಂದಿತ್ತು. 1953ರಲ್ಲಿ ಸ್ಥಾಪನೆಯಾದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿ ದಶಕಗಳ ಕಾಲ ಪಂದ್ಯ ನಡೆಸಿತು. ಓಡಿಸಿದವರಲ್ಲಿ ಹಲವರದು ನಿತ್ಯ ಬಳಕೆಯ ರಸ್ತೆ ಕಾರುಗಳೇ. ಹಳ್ಳ ದಿಣ್ಣೆಯ ರಸ್ತೆಗೆಂದು ಮಾಡಿದ ಅವುಗಳ ಸ್ಪ್ರಿಂಗು ಮೆದು. ವೇಗದ ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲುತ್ತದೆ. ಬ್ರೇಕು ತುಳಿದರೆ ಮೂತಿ ತಗ್ಗುತ್ತದೆ. 1990ರಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟುಕೋಟೆಯಲ್ಲಿ ಪಂದ್ಯಕ್ಕೆಂದೇ ಹಾದಿ ಸಿದ್ಧವಾಯಿತು. ಕರಿವರ್ಧನ್ ಮಾರುತಿ 800ರ 796 ಸಿ.ಸಿ. ಎಂಜಿನ್ನು ಇಟ್ಟು, ಒಬ್ಬರೇ ಕೂರುವ, ಹಗುರವಾದ ಪಂದ್ಯದ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆ ಬಗೆಯ ಕಾರಿನಲ್ಲಿ ಪಂದ್ಯ ಶುರುಮಾಡಿದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯರಾದರು.

ಇನ್ನು ಲೆಕ್ಕ ನೋಡೋಣ. ಒಂದು ಮಿಲಿಮೀಟರ್ ತಗ್ಗಲು 2 ಕಿಲೋ ಭಾರ ಬೇಡುವ ಸ್ಪ್ರಿಂಗಿನ ಮೇಲೆ ತಿರುವಿನಲ್ಲಿ 100 ಕಿಲೋ ಹೆಚ್ಚು ಬಿದ್ದರೆ ಅದು 50 ಮಿಲಿಮೀಟರ್ ಕುಗ್ಗುತ್ತದೆ. 4 ಕಿಲೋ ಬೇಡುವ ಸ್ಪ್ರಿಂಗು 25 ಮಾತ್ರ. ವಾಲುವುದು ಕಡಿಮೆ, ಸ್ಟೇರಿಂಗಿಗೆ ಕಾರು ಬೇಗ ಓಗೊಡುತ್ತದೆ. ಆದರೆ ಹೊರಮಗ್ಗುಲ ಚಕ್ರಗಳಿಗೆ ಸರಿಯುವ ಒಟ್ಟು ಭಾರವನ್ನು ಗಡುಸು ಸ್ಪ್ರಿಂಗು ಅಳಿಸಲಾರದು; ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಎಂಬ ಹಂಚಿಕೆಯನ್ನಷ್ಟೆ ಬದಲಿಸುತ್ತದೆ. ಮುಂದಿನವನ್ನು ಮಾತ್ರ ಗಡುಸು ಮಾಡಿದರೆ ಕಾರಿನ ಮೂತಿ ತಿರುವಿನ ಹೊರಕ್ಕೆ ಜಾರಲು ನೋಡುತ್ತದೆ. ಹಿಂದಿನವನ್ನು ಮಾತ್ರ ಮಾಡಿದರೆ ಹಿಂಭಾಗ ಜಾರುತ್ತದೆ. ಶಾಕ್ ಅಬ್ಸಾರ್ಬರನ್ನೂ ಸರಿಹೊಂದುವಂತೆ ಬದಲಿಸದಿದ್ದರೆ ಕಾರು ಕುಣಿಯುತ್ತಲೇ ಇರುತ್ತದೆ.

ಸಿರುಮುಗೆಯ ನೇಕಾರ ಬಂಧುಗಳಿಗೆ ಇದು ಗೊತ್ತಿರುವ ಸಂಗತಿ. ಹಾಸು ಸಡಿಲವಾದರೆ ನೇಯ್ಗೆ ಕೆಡುತ್ತದೆ, ಅತಿ ಬಿಗಿಯಾದರೆ ಎಳೆ ಹರಿಯುತ್ತದೆ.

ಓಟದ ಹಾದಿ ನುಣುಪು; ಗಡುಸು ಸ್ಪ್ರಿಂಗು ಅಲ್ಲಿಗೆ ಸಲ್ಲುತ್ತದೆ. ಅದೇ ಕಾರನ್ನು ಮಳೆಗಾಲದಲ್ಲಿ ಕಲ್ಲಾರಿನಿಂದ ಕೂನೂರಿಗೆ ಹತ್ತಿಸಿದರೆ ಮಾತು ಬೇರೆ. ಹಳ್ಳ ಸಿಕ್ಕಾಗ ಚಕ್ರ ನೆಲ ಬಿಟ್ಟು ನೆಗೆಯುತ್ತದೆ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಪಕ್ಕದಲ್ಲಿ ಕಣಿವೆ, ಎದುರಿಗೆ ಬಸ್ಸು. ಆದ್ದರಿಂದ ಮನೆಯ ಮಕ್ಕಳು ಸ್ಪ್ರಿಂಗು ಬದಲಿಸಲು ಹೊರಟಾಗ ಬೆಲೆಯನ್ನಷ್ಟೇ ಕೇಳಬೇಡಿ, ಯಾವ ಹಾದಿಗೆ ಎಂದೂ ಕೇಳಿ.