ಶ್ರೀರಂಗಪಟ್ಟಣದ ಇತಿಹಾಸವೂ ಅಧಿಕಾರ ವಿಭಜನೆಯ ಪಾಠವೂ

ರಾಜ್ಯಾಡಳಿತಕ್ಕೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳೆಂಬ ಮೂರು ಅಂಗಗಳಿವೆಯೆಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಇವು ಬೇರೆ ಬೇರೆಯಾಗಿಯೇ ಏಕಿರಬೇಕು, ಒಂದೇ ಕೈಯಲ್ಲಿ ಸೇರಿದರೆ ಪ್ರಜೆಗಳಿಗೆ ಒದಗುವ ಕಷ್ಟವೇನು ಎಂಬುದನ್ನು ಗ್ರಂಥಗಳ ಸೂತ್ರಕ್ಕಿಂತ ನಮ್ಮ ನಾಡಿನ ಇತಿಹಾಸವೇ ಸ್ಪಷ್ಟವಾಗಿ ತಿಳಿಸುತ್ತದೆ. ಅದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಕಂಡ ಆಡಳಿತವನ್ನು ವಾಚಕರು ಒಮ್ಮೆ ಅವಲೋಕಿಸಿದರೆ ಸಾಕು.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಂದಿನಿಂದ 1799ರವರೆಗೆ ಅದು ಮೈಸೂರು ರಾಜ್ಯದ ರಾಜಧಾನಿಯಾಗಿತ್ತು. ಶಾಸನ ಮಾಡುವವನೂ, ಅದನ್ನು ನಡೆಸುವವನೂ, ತಪ್ಪಿದವರನ್ನು ದಂಡಿಸುವವನೂ ಅರಸನೇ ಎಂಬುದು ಆ ಕಾಲದ ಧರ್ಮ. ಅರಸನ ಕೈಕೆಳಗೆ ಸೈನ್ಯವನ್ನು ಆಳುವ ದಳವಾಯಿ ಇದ್ದನು. ಅರಸನನ್ನು ತಡೆಯುವ ಸಂಸ್ಥೆ ಹೇಗೆ ಇರಲಿಲ್ಲವೋ ಹಾಗೆಯೇ ದಳವಾಯಿಯನ್ನು ತಡೆಯುವ ಸಂಸ್ಥೆಯೂ ಇರಲಿಲ್ಲ. 1638ರಲ್ಲಿ ಇಮ್ಮಡಿ ರಾಜ ಒಡೆಯರು ದಳವಾಯಿ ವಿಕ್ರಮರಾಯನ ಸಂಚಿಗೆ ಬಲಿಯಾದರು. ಮುಂದೆ ಪಟ್ಟವೇರಿದ ರಣಧೀರ ಕಂಠೀರವ ನರಸರಾಜ ಒಡೆಯರು ಆ ದಳವಾಯಿಯನ್ನು ಕೊಲ್ಲಿಸಿದರು. ತಕ್ಕಡಿಯಿಲ್ಲದ ಕಡೆ ಖಡ್ಗವೇ ನ್ಯಾಯ ಹೇಳುತ್ತದೆಯೆಂಬುದಕ್ಕೆ ಇದೊಂದು ನಿದರ್ಶನ.

1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ದಕ್ಷ ಆಡಳಿತಗಾರರು. ‘ಅಠಾರ ಕಚೇರಿ’ ಎಂಬ ಹದಿನೆಂಟು ಇಲಾಖೆಗಳನ್ನು ಏರ್ಪಡಿಸಿದ ಕೀರ್ತಿ ಅವರದು. ಆದರೆ ಇಲ್ಲಿ ಒಂದು ಭೇದವನ್ನು ಮನಗಾಣಬೇಕು. ಕೆಲಸವನ್ನು ಹಂಚುವುದು ಬೇರೆ, ಅಧಿಕಾರವನ್ನು ಹಂಚುವುದು ಬೇರೆ. ಕಚೇರಿಗಳು ಹದಿನೆಂಟಾದರೂ ಒಡೆತನ ಒಂದೇ ಆಗಿತ್ತು. ಕಂದಾಯದ ಹೊರೆ ಹೆಚ್ಚಿದಾಗ ರೈತರು ಉಳುಮೆಯನ್ನು ನಿಲ್ಲಿಸಿ, ನೇಗಿಲನ್ನು ತಲೆಕೆಳಗು ಮಾಡಿ ಊರಬಾಗಿಲ ಮರಕ್ಕೆ ತೂಗುಹಾಕಿದರೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಈ ಪ್ರತಿಭಟನೆಗೆ ಜಂಗಮರು ಮುಂದಾಳುಗಳಾಗಿದ್ದರೆಂದೂ, ಅದನ್ನು ರಕ್ತಪಾತದಿಂದ ಅಡಗಿಸಲಾಯಿತೆಂದೂ ಅವನ ಹೇಳಿಕೆ. ಅವನ ಬರಹದ ವಿವರಗಳನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೆ ತೂಗುಬಿದ್ದ ಆ ನೇಗಿಲಿನ ಅರ್ಥ ಮಾತ್ರ ಸ್ಪಷ್ಟವಾಗಿದೆ. ತೆರಿಗೆ ಹಾಕಿದವನ ಬಳಿಯೇ ತೆರಿಗೆಯ ಮೇಲಣ ದೂರನ್ನೂ ಒಯ್ಯಬೇಕಾಗಿದ್ದಾಗ, ರೈತನಿಗೆ ತಟ್ಟಲು ಬೇರೆ ಬಾಗಿಲೇ ಇರಲಿಲ್ಲ.

1748ರಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ ಎಂಬ ಚಿಂತಕನು ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿ, ಶಾಸನ ಮಾಡುವ, ನಡೆಸುವ ಮತ್ತು ನ್ಯಾಯ ತೀರ್ಮಾನಿಸುವ ಅಧಿಕಾರಗಳು ಒಂದೆಡೆ ಸೇರಿದಲ್ಲಿ ಸ್ವಾತಂತ್ರ್ಯ ಉಳಿಯದೆಂದು ಸಾರಿದನು. ಅದೇ ವರ್ಷ ಶ್ರೀರಂಗಪಟ್ಟಣದ ಸ್ಥಿತಿ ಹೇಗಿತ್ತೆಂಬುದನ್ನು ನೋಡಿರಿ. ಸಿಂಹಾಸನದಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಕುಳಿತಿದ್ದರು. ಆದರೆ ಸೈನ್ಯವೂ ಬೊಕ್ಕಸವೂ ದಳವಾಯಿ ದೇವರಾಜಯ್ಯ ಮತ್ತು ಸರ್ವಾಧಿಕಾರಿ ನಂಜರಾಜಯ್ಯ ಎಂಬ ಸೋದರರ ಕೈಯಲ್ಲಿದ್ದವು. ಹಿಂದಿನ ಅರಸರಾದ ಚಾಮರಾಜ ಒಡೆಯರನ್ನು 1734ರಲ್ಲಿ ಪಟ್ಟದಿಂದಿಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟಿದ್ದಾಗಿತ್ತು. ಯುವಕ ಅರಸರು ತಮ್ಮ ಅಧಿಕಾರವನ್ನು ಮರಳಿ ಪಡೆಯಲೆಳಸಿದಾಗ, 1756ರಲ್ಲಿ ನಂಜರಾಜಯ್ಯನು ಅರಮನೆಯ ಬಾಗಿಲಿಗೇ ಫಿರಂಗಿ ಹಾರಿಸಿದನು. ಆದರೆ ಖಡ್ಗದಿಂದ ಬಂದ ಅಧಿಕಾರ ಖಡ್ಗದಿಂದಲೇ ಹೋಯಿತು. ಸಂಬಳ ಬಾಕಿಯಾದ ಸೈನಿಕರು ಅವನ ಬಾಗಿಲಲ್ಲಿ ಧರಣಿ ಕುಳಿತರು. ಆ ಬಾಕಿಯ ಲೆಕ್ಕವನ್ನು ಬಗೆಹರಿಸಿದ ಹೈದರಾಲಿಯ ಕಡೆಗೆ ಸೈನ್ಯ ಒಲಿಯಿತು. 1759ರಲ್ಲಿ ನಂಜರಾಜಯ್ಯನು ಅಧಿಕಾರ ಬಿಟ್ಟನು, 1761ರಲ್ಲಿ ರಾಜ್ಯವೇ ಹೈದರನ ವಶವಾಯಿತು. ಅರಸರ ಕೈಯಿಂದ ದಳವಾಯಿ ಕಸಿದುಕೊಂಡುದನ್ನು ದಳವಾಯಿಯ ಕೈಯಿಂದ ನಾಯಕನೊಬ್ಬನು ಕಸಿದುಕೊಂಡನು. ಈ ಕೈಬದಲಾವಣೆಗಳಲ್ಲಿ ಪ್ರಜೆಯನ್ನು ಯಾರೂ ಕೇಳಲಿಲ್ಲ.

ರಾಜಧಾನಿಯ ಮಾತು ಹೀಗಾದರೆ, ತಾಲ್ಲೂಕಿನ ಮಾತೇನು? 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೂ ಕಂದಾಯ ವಸೂಲಿ, ಪೋಲೀಸು, ಸಣ್ಣಪುಟ್ಟ ವ್ಯಾಜ್ಯಗಳ ತೀರ್ಮಾನ ಎಲ್ಲವೂ ಅಮಲ್ದಾರನೊಬ್ಬನಲ್ಲೇ ಕೂಡಿದ್ದವು. ನಾಗಮಂಗಲದ ರೈತನಾಗಲಿ, ಅಂದು ಅತ್ತಿಕುಪ್ಪೆ ಎನ್ನಿಸಿಕೊಂಡಿದ್ದ ಕೃಷ್ಣರಾಜಪೇಟೆಯ ರೈತನಾಗಲಿ ಕಂದಾಯ ಕಟ್ಟುವುದೂ ನ್ಯಾಯ ಬೇಡುವುದೂ ಆ ಒಂದೇ ಗದ್ದುಗೆಯ ಮುಂದೆ. ಈ ಗಂಟು ನಿಧಾನವಾಗಿ ಸಡಿಲಿತು. 1856ರಲ್ಲಿ ಕಮೀಷನರ್ ಮಾರ್ಕ್ ಕಬ್ಬನ್ನನ ಭಾರವನ್ನು ಕಡಿಮೆ ಮಾಡಿ ಪ್ರತ್ಯೇಕ ಜುಡಿಷಿಯಲ್ ಕಮೀಷನರನನ್ನು ನೇಮಿಸಲಾಯಿತು. 1870ರ ದಶಕದಲ್ಲಿ ಮುನ್ಸೀಫರ ನ್ಯಾಯಾಲಯಗಳು ಬಂದು, ಸಿವಿಲ್ ವ್ಯಾಜ್ಯಗಳು ಅಮಲ್ದಾರನ ಕೈ ಬಿಟ್ಟವು. 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪಿತವಾಯಿತು.

ಈ ನಡುವೆ, ತೂಗುಬಿದ್ದ ನೇಗಿಲಿಗೂ ಒಂದು ನಾಲಗೆ ದೊರೆಯಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ ಮೊದಲ ಬಾರಿಗೆ ಸೇರಿತು. ತಾಲ್ಲೂಕು ತಾಲ್ಲೂಕಿನಿಂದ ಹಿಡುವಳಿದಾರ ರೈತರು ಬಂದು ದಿವಾನರ ಎದುರಿನಲ್ಲಿ ತಮ್ಮ ಅಹವಾಲು ಹೇಳಿಕೊಳ್ಳುವ ಅವಕಾಶವಾಯಿತು. ಹೇಳುವ ಹಕ್ಕಿತ್ತೇ ಹೊರತು ತಡೆಯುವ ಹಕ್ಕಿರಲಿಲ್ಲ ಎಂಬುದನ್ನೂ ಮರೆಯಬಾರದು. 1907ರಲ್ಲಿ ನ್ಯಾಯವಿಧಾಯಕ ಸಭೆ ಏರ್ಪಟ್ಟಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಆದರೂ ದಿವಾನರು ಸಭೆಗೆ ಉತ್ತರವಾದಿಗಳಾಗಿರಲಿಲ್ಲ. ಅದಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡ ಬಳಿಕವೇ ಆಳುವವರು ಪ್ರಜಾಪ್ರತಿನಿಧಿಗಳಿಗೆ ಲೆಕ್ಕ ಕೊಡುವ ಪದ್ಧತಿ ಬಂದಿತು.

ಸಂವಿಧಾನದ 50ನೆಯ ಅನುಚ್ಛೇದವು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ವಿಧಿಸಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯು ನ್ಯಾಯಿಕ ಮ್ಯಾಜಿಸ್ಟ್ರೇಟರನ್ನೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರನ್ನೂ ಬೇರೆ ಮಾಡಿತು. ಆ ವರ್ಷವೇ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣಾ ತಿದ್ದುಪಡಿಯು ಮಾತ್ರ ಬೇರೊಂದು ಹಾದಿ ಹಿಡಿಯಿತು. ಗೇಣಿದಾರರಿಗೆ ಶೀಘ್ರವಾಗಿ ಭೂಮಿ ದೊರೆಯಲೆಂಬ ಸದುದ್ದೇಶದಿಂದ, ಕಾರ್ಯಾಂಗದ ಅಧಿಕಾರಿಯೇ ಅಧ್ಯಕ್ಷರಾಗಿರುವ, ಸರ್ಕಾರ ನೇಮಿಸಿದ ಸದಸ್ಯರಿರುವ ಭೂನ್ಯಾಯಮಂಡಲಿಗಳಿಗೆ ತೀರ್ಪಿನ ಅಧಿಕಾರವನ್ನು ಕೊಡಲಾಯಿತು. ವಕೀಲರು ಅಲ್ಲಿ ವಾದಿಸುವುದನ್ನು ನಿಷೇಧಿಸಲಾಯಿತು. ಉಳುವವನಿಗೆ ಭೂಮಿ ದೊರೆತುದು ಸಾಮಾನ್ಯ ಸಾಧನೆಯಲ್ಲ. ಆದರೆ ಬಡ ಗೇಣಿದಾರನಿಗಾಗಲಿ ಎದುರು ಕಕ್ಷಿಗಾಗಲಿ ವಕೀಲರ ನೆರವು ಇಲ್ಲದಿರುವುದು ನ್ಯಾಯವೆ? ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1987ರಲ್ಲಿ ಅದು ವಕೀಲರ ಮೇಲಣ ನಿಷೇಧವನ್ನು ತಳ್ಳಿಹಾಕಿತು, ಭೂಸುಧಾರಣೆಯನ್ನು ಉಳಿಸಿತು. ಒಂದು ಅಂಗ ಮಾಡಿದ ಒಳಿತು ಉಳಿದು, ಅದರ ಅತಿರೇಕ ಮಾತ್ರ ಇನ್ನೊಂದು ಅಂಗದಿಂದ ಕಳೆಯಿತು. ಸಮತೋಲನವೆಂದರೆ ಇದೇ.

ಮೂರು ಅಂಗಗಳ ನಡುವಣ ಗೆರೆ ಇಂದಿಗೂ ಪೂರ್ಣವಾಗಿಲ್ಲ. ಶಾಂತಿಪಾಲನೆಗಾಗಿ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ, ಜಮೀನಿನ ಖಾತೆಯ ಮೇಲ್ಮನವಿಗಳನ್ನು ಕೇಳುವ ಅಧಿಕಾರ ಈಗಲೂ ಉಪವಿಭಾಗಾಧಿಕಾರಿಯ ಕಚೇರಿಯಲ್ಲೇ ಇವೆ. ಆದರೆ ಅಲ್ಲಿ ಸೋತವನಿಗೆ ಇಂದು ಮುಂದಿನ ಬಾಗಿಲುಂಟು. ಅವನು ನ್ಯಾಯಾಲಯಕ್ಕೆ ಹೋಗಬಹುದು, ತನ್ನ ಪ್ರತಿನಿಧಿಯಿಂದ ಶಾಸನಸಭೆಯಲ್ಲಿ ಪ್ರಶ್ನೆ ಎತ್ತಿಸಬಹುದು. ದಕ್ಷನಾದ ಆಡಳಿತಗಾರನೊಬ್ಬ ದೊರೆತನೆಂದು ಉಳಿದ ಬಾಗಿಲುಗಳನ್ನು ಮುಚ್ಚಿಬಿಡೋಣವೆಂದು ಯಾರಾದರೂ ಹೇಳಿದಾಗ, ಚಿಕ್ಕದೇವರಾಜರಂಥ ದಕ್ಷರ ಕಾಲದಲ್ಲಿಯೇ ನೇಗಿಲು ಮರಕ್ಕೇರಿತೆಂಬುದನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು.